ಒಂದಕ್ಷರದ ಹಿಂದೆ ಬಿದ್ದ ಮೇಷ್ಟ್ರು: ಎ. ಇ. ಹೌಸ್‌ಮನ್ ಮತ್ತು ಗ್ರಂಥ ಸಂಪಾದನೆ

1892ರ ಏಪ್ರಿಲ್‌ನಲ್ಲಿ ಲಂಡನ್ನಿನ ಯೂನಿವರ್ಸಿಟಿ ಕಾಲೇಜಿಗೆ ಒಂದು ಅರ್ಜಿ ಬಂತು. ಅಲ್ಲಿ ಲ್ಯಾಟಿನ್ ಪ್ರೊಫೆಸರ್ ಹುದ್ದೆ ಖಾಲಿ ಇತ್ತು, ಗ್ರೀಕ್ ಹುದ್ದೆಯೂ ಖಾಲಿ ಇತ್ತು. ಅರ್ಜಿ ಹಾಕಿದವನಿಗೆ 33 ವರ್ಷ. ಹತ್ತು ವರ್ಷದಿಂದ ಪೇಟೆಂಟ್ ಆಫೀಸಿನಲ್ಲಿ ಗುಮಾಸ್ತ. ವಿಶ್ವವಿದ್ಯಾಲಯದಲ್ಲಿ ಒಂದು ದಿನವೂ ಪಾಠ ಮಾಡಿದವನಲ್ಲ. ಲ್ಯಾಟಿನ್ ಕೊಡಿ, ಅದಾಗದಿದ್ದರೆ ಗ್ರೀಕ್ ಆದರೂ ಕೊಡಿ ಅಂತ ಕೇಳಿದ್ದ. ಅರ್ಜಿಯಲ್ಲೇ ಇನ್ನೊಂದು ಮಾತನ್ನೂ ಬರೆದಿದ್ದ: 1881ರಲ್ಲಿ ಆಕ್ಸ್‌ಫರ್ಡ್‌ನ ಕೊನೆಯ ಪರೀಕ್ಷೆಯಲ್ಲಿ ಆನರ್ಸ್ ಪಡೆಯಲು ನನ್ನಿಂದ ಆಗಲಿಲ್ಲ.

ಫೇಲಾದದ್ದನ್ನು ಯಾರಾದರೂ ಅರ್ಜಿಯಲ್ಲಿ ಬರೀತಾರಾ? ಆದರೆ ಆ ಅರ್ಜಿಯ ಜೊತೆಗೆ 17 ಶಿಫಾರಸು ಪತ್ರಗಳೂ ಇದ್ದವು. ಬರೆದವರು ಲ್ಯಾಟಿನ್, ಗ್ರೀಕ್ ವಿದ್ವಾಂಸರು. ಲ್ಯಾಟಿನ್ ಹುದ್ದೆ ಅವನಿಗೇ ಸಿಕ್ಕಿತು.

ಆ ಗುಮಾಸ್ತನೇ ಆಲ್ಫ್ರೆಡ್ ಎಡ್ವರ್ಡ್ ಹೌಸ್‌ಮನ್. ಇಂಗ್ಲಿಷ್ ಸಾಹಿತ್ಯ ಓದಿದವರಿಗೆ ಈ ಹೆಸರು ಗೊತ್ತಿರುತ್ತೆ. 1896ರಲ್ಲಿ ಬಂದ ‘ಎ ಶ್ರಾಪ್‌ಶೈರ್ ಲ್ಯಾಡ್’ ಅನ್ನುವ 63 ಪದ್ಯಗಳ ಸಣ್ಣ ಪುಸ್ತಕ ಅವನದು. ಅದನ್ನು ಅಚ್ಚು ಹಾಕಿಸಲು ಕೈಯಿಂದ ದುಡ್ಡು ಹಾಕಿದ್ದ. ಮೊದಲನೇ ಮಹಾಯುದ್ಧದ ಹೊತ್ತಿಗೆ ಅದು ಎಲ್ಲರ ಕೈಯಲ್ಲಿತ್ತು. ಆದರೆ ಅವನು ಹೊಟ್ಟೆಪಾಡಿಗೂ, ಅದಕ್ಕಿಂತ ಜಾಸ್ತಿ ಹೆಮ್ಮೆಗೂ ಮಾಡಿದ ಕೆಲಸ ಬೇರೆ. ಹಳೆಯ ಲ್ಯಾಟಿನ್ ಗ್ರಂಥಗಳಲ್ಲಿ ನಕಲು ಮಾಡಿದವರು ಬಿಟ್ಟುಹೋದ ತಪ್ಪನ್ನು ಹುಡುಕಿ ತಿದ್ದುವ ಕೆಲಸ ಅದು. ನಾವು ಕನ್ನಡದಲ್ಲಿ ಗ್ರಂಥ ಸಂಪಾದನೆ ಅಂತೀವಲ್ಲ, ಅದೇ. ಹೊರಗಿನಿಂದ ನೋಡಿದರೆ ಇದಕ್ಕಿಂತ ಬೋರು ಹೊಡೆಸುವ ಕೆಲಸ ಇಲ್ಲ ಅನಿಸುತ್ತೆ. ಹೌಸ್‌ಮನ್ ಮಾಡಿದ್ದನ್ನು ಹತ್ತಿರದಿಂದ ನೋಡಿದರೆ ಪತ್ತೇದಾರಿ ಕತೆ ಓದಿದ ಹಾಗಿರುತ್ತೆ.

ಮೊದಲು ಅವನು ಫೇಲಾದ ಕತೆ ಮುಗಿಸೋಣ. ಹುಟ್ಟಿದ್ದು 1859ರ ಮಾರ್ಚ್ 26ರಂದು, ವೂಸ್ಟರ್‌ಶೈರ್‌ನ ಬ್ರಾಮ್ಸ್‌ಗ್ರೋವ್ ಹತ್ತಿರ. ಏಳು ಮಕ್ಕಳಲ್ಲಿ ಇವನೇ ದೊಡ್ಡವನು. ಅಪ್ಪ ವಕೀಲ. ಅಮ್ಮ ತೀರಿಕೊಂಡದ್ದು ಇವನ 12ನೇ ಹುಟ್ಟುಹಬ್ಬದ ದಿನವೇ. ಓದಿನಲ್ಲಿ ಚುರುಕು. 1877ರಲ್ಲಿ ಸ್ಕಾಲರ್‌ಶಿಪ್ ಮೇಲೆ ಆಕ್ಸ್‌ಫರ್ಡ್‌ನ ಸೇಂಟ್ ಜಾನ್ಸ್ ಕಾಲೇಜು ಸೇರಿದ.

ವಿಕ್ಟೋರಿಯಾ ರಾಣಿಯ ಕಾಲದ ಇಂಗ್ಲೆಂಡಿನಲ್ಲಿ ಗ್ರೀಕ್, ಲ್ಯಾಟಿನ್ ಅಂದರೆ ಬರೀ ಭಾಷೆಗಳಲ್ಲ, ದೊಡ್ಡ ಹುದ್ದೆಗಳ ಬಾಗಿಲು. ನಮ್ಮ ದೇಶಕ್ಕೆ ಸಿವಿಲ್ ಸರ್ವಿಸ್ ಅಧಿಕಾರಿಗಳನ್ನು ಆರಿಸಲು 1855ರಲ್ಲಿ ಶುರುವಾದ ಪರೀಕ್ಷೆಯನ್ನೇ ನೋಡಿ. ಗ್ರೀಕ್‌ಗೆ 750 ಅಂಕ, ಲ್ಯಾಟಿನ್‌ಗೆ 750. ಸಂಸ್ಕೃತಕ್ಕೆ 375, ಅರೇಬಿಕ್‌ಗೆ 375. ಆಳಬೇಕಾದ ದೇಶದ ಭಾಷೆಗೆ ಅರ್ಧ ಬೆಲೆ!

ಆಕ್ಸ್‌ಫರ್ಡ್‌ನಲ್ಲಿ ಈ ಓದಿಗೆ ಎರಡು ಹಂತ. ಮೊದಲನೆಯದರಲ್ಲಿ ಭಾಷೆ, ಸಾಹಿತ್ಯ. 1879ರಲ್ಲಿ ಅದರಲ್ಲಿ ಹೌಸ್‌ಮನ್‌ಗೆ ಫಸ್ಟ್ ಕ್ಲಾಸ್. ಎರಡನೆಯದರಲ್ಲಿ ಪ್ರಾಚೀನ ಚರಿತ್ರೆ ಮತ್ತು ತತ್ವಶಾಸ್ತ್ರ. ಇವನಿಗೆ ಅವೆರಡೂ ಬೇಡ. ಪ್ರೊಪರ್ಟಿಯಸ್ ಅನ್ನುವ ರೋಮನ್ ಕವಿಯ ಪಾಠಾಂತರಗಳಲ್ಲಿ, ಅಂದರೆ ಒಂದೇ ಸಾಲು ಬೇರೆ ಬೇರೆ ಪ್ರತಿಗಳಲ್ಲಿ ಬೇರೆ ಬೇರೆ ಥರ ಇರುವುದರಲ್ಲಿ, ಮುಳುಗಿ ಹೋಗಿದ್ದ. ಪರೀಕ್ಷೆಯಲ್ಲಿ ಕೆಲವು ಪತ್ರಿಕೆಗಳಿಗೆ ಏನೂ ಬರೆಯಲಿಲ್ಲ ಅನ್ನುವಷ್ಟು ಕಡಿಮೆ ಬರೆದ. ಆ ದಿನಗಳಲ್ಲೇ ಊರಿನಿಂದ ಅಪ್ಪನಿಗೆ ಹುಷಾರಿಲ್ಲ ಅನ್ನುವ ಸುದ್ದಿಯೂ ಬಂದಿತ್ತು. ಜೊತೆಗೆ ಮೋಸೆಸ್ ಜಾಕ್ಸನ್ ಇದ್ದ. ವಿಜ್ಞಾನ ಓದುತ್ತಿದ್ದ, ಆಟೋಟದಲ್ಲಿ ಮುಂದಿದ್ದ ಗೆಳೆಯ. ಹೌಸ್‌ಮನ್‌ಗೆ ಅವನ ಮೇಲೆ ಪ್ರೀತಿ. ಜಾಕ್ಸನ್‌ಗೆ ಆ ರೀತಿಯ ಭಾವನೆ ಇರಲಿಲ್ಲ. ಗಂಡಸರ ನಡುವಿನ ಪ್ರೀತಿಗೆ ಜೈಲು ಕಾದಿದ್ದ ಕಾಲ ಅದು. ಈ ವಿಷಯ ಹೌಸ್‌ಮನ್ ಬದುಕಿಡೀ ಬಾಯಿಬಿಟ್ಟು ಹೇಳಲಿಲ್ಲ. ಪದ್ಯಗಳಲ್ಲಿ ಅಷ್ಟಿಷ್ಟು ಕಾಣುತ್ತೆ.

1882ರಲ್ಲಿ ಸಿವಿಲ್ ಸರ್ವಿಸ್ ಪರೀಕ್ಷೆ ಪಾಸು ಮಾಡಿ ಲಂಡನ್ನಿನ ಪೇಟೆಂಟ್ ಆಫೀಸ್ ಸೇರಿದ. ಜಾಕ್ಸನ್ ಆಗಲೇ ಅಲ್ಲಿ ಕೆಲಸದಲ್ಲಿದ್ದ. ವರ್ಷಕ್ಕೆ 100 ಪೌಂಡ್ ಸಂಬಳ. ಟ್ರೇಡ್ ಮಾರ್ಕ್ ವಿಭಾಗದಲ್ಲಿ ಕೂತು ಒಬ್ಬರ ಮುದ್ರೆ ಇನ್ನೊಬ್ಬರದನ್ನು ಹೋಲುತ್ತದೋ ಇಲ್ಲವೋ ನೋಡುವ ಕೆಲಸ. ಸಣ್ಣ ವ್ಯತ್ಯಾಸ ಹಿಡಿಯಬೇಕು. ಮುಂದೆ ಅವನು ಮಾಡಿದ್ದಕ್ಕೆ ಇದೂ ಒಂಥರಾ ತಾಲೀಮೇ ಅಲ್ವಾ ಅಂತ ನನಗೆ ಅನಿಸುವುದುಂಟು.

ಆಫೀಸು ಮುಗಿಸಿ ಸಂಜೆ ಬ್ರಿಟಿಷ್ ಮ್ಯೂಸಿಯಮ್‌ನ ಓದುಕೋಣೆಗೆ ಹೋಗುತ್ತಿದ್ದ. ರೋಮನ್ ಕವಿಗಳಾದ ಹೋರೇಸ್, ಪ್ರೊಪರ್ಟಿಯಸ್, ಓವಿಡ್, ಜೊತೆಗೆ ಗ್ರೀಕ್ ನಾಟಕಕಾರರು, ಎಲ್ಲರನ್ನೂ ಸಾಲು ಸಾಲಾಗಿ ಓದಿದ. ಕಂಡ ತಪ್ಪುಗಳ ಮೇಲೆ ವಿದ್ವತ್ ಪತ್ರಿಕೆಗಳಿಗೆ ಲೇಖನ ಬರೆದ. ಪ್ರೊಪರ್ಟಿಯಸ್ ಸಂಪಾದನೆಯೊಂದನ್ನು ಪ್ರಕಾಶಕರ ಮುಂದಿಟ್ಟಾಗ ಬೇಡ ಅಂದರು. 1887ರಲ್ಲಿ ಜಾಕ್ಸನ್ ಕರಾಚಿಯ ಸಿಂಧ್ ಕಾಲೇಜಿಗೆ ಪ್ರಿನ್ಸಿಪಾಲ್ ಆಗಿ ಹೊರಟುಹೋದ. ಇವನು ಓದುಕೋಣೆಗೆ ಹೋಗುವುದನ್ನು ಬಿಡಲಿಲ್ಲ. ಹೀಗೆ ಹತ್ತು ವರ್ಷ. ಆ 17 ಪತ್ರಗಳು ಬಂದದ್ದು ಈ ಲೇಖನಗಳ ಬಲದಿಂದ.

ಈಗ ಆ ಕೆಲಸ ಏನು ಅಂತ ನೋಡೋಣ.

ವರ್ಜಿಲ್ ಆಗಲಿ, ಹೋರೇಸ್ ಆಗಲಿ, ತಮ್ಮ ಕೈಯಾರೆ ಬರೆದ ಒಂದು ಹಾಳೆಯೂ ಉಳಿದಿಲ್ಲ. ಉಳಿದಿರುವುದು ನಕಲಿನ ನಕಲಿನ ನಕಲು. ಎಷ್ಟೋ ಕವಿಗಳ ವಿಷಯದಲ್ಲಿ ಕವಿಗೂ ನಮ್ಮ ಕೈಗೆ ಸಿಕ್ಕಿರುವ ಅತಿ ಹಳೆಯ ಪ್ರತಿಗೂ ನಡುವೆ ಎಂಟು ನೂರು, ಸಾವಿರ ವರ್ಷ. ಹಳೆಯ ಬರಹದಲ್ಲಿ ಪದಗಳ ನಡುವೆ ಜಾಗ ಬಿಡುವ ಪದ್ಧತಿ ಇರಲಿಲ್ಲ. ಅಕ್ಷರಗಳು ಒಂದಕ್ಕೊಂದು ಹೋಲುತ್ತವೆ. ಎರಡು ಸಾಲು ಒಂದೇ ಪದದಿಂದ ಮುಗಿದರೆ ಕಣ್ಣು ಮೊದಲನೆಯದರಿಂದ ಎರಡನೆಯದಕ್ಕೆ ಜಾರುತ್ತೆ, ನಡುವಿನದ್ದು ಮಾಯ. ಯಾರೋ ಓದುಗ ಅಂಚಿನಲ್ಲಿ ಬರೆದುಕೊಂಡ ಅರ್ಥ ಮುಂದಿನ ನಕಲಿನಲ್ಲಿ ಪದ್ಯದೊಳಗೇ ಸೇರಿಬಿಡುತ್ತೆ. ಕ್ರೈಸ್ತ ಸನ್ಯಾಸಿಯೊಬ್ಬ ನಕಲು ಮಾಡುತ್ತಿದ್ದರೆ, ಗೊತ್ತಿಲ್ಲದ ರೋಮನ್ ಪದದ ಜಾಗದಲ್ಲಿ ಗೊತ್ತಿರುವ ಪದವನ್ನು ಅವನ ಕೈ ತಾನಾಗಿಯೇ ಬರೆದುಬಿಡುತ್ತೆ.

ನಮ್ಮ ಓಲೆಗರಿಗಳ ಕತೆಯೂ ಇದೇ. ಅಲ್ಲೂ ಪದಗಳ ನಡುವೆ ಜಾಗ ಇಲ್ಲ. ‘ವ’ ಮತ್ತು ‘ಮ’ಗೆ ಎಷ್ಟು ಅಂತರ ಹೇಳಿ! ಹಸ್ತಪ್ರತಿಗಳ ಕೊನೆಯಲ್ಲಿ ನಮ್ಮ ಲಿಪಿಕಾರರು ಮೊದಲೇ ಜಾಮೀನು ಬರೆದಿಟ್ಟುಕೊಳ್ಳುತ್ತಿದ್ದರು: ‘ಯಾದೃಶಂ ಪುಸ್ತಕಂ ದೃಷ್ಟ್ವಾ ತಾದೃಶಂ ಲಿಖಿತಂ ಮಯಾ’. ಪುಸ್ತಕ ಹೇಗಿತ್ತೋ ಹಾಗೇ ಬರೆದಿದ್ದೀನಿ, ಸರಿಯೋ ತಪ್ಪೋ, ನನ್ನನ್ನು ಬೈಬೇಡಿ ಅಂತ. ಡಿ. ಎಲ್. ನರಸಿಂಹಾಚಾರ್ಯರು ‘ಕನ್ನಡ ಗ್ರಂಥ ಸಂಪಾದನೆ’ ಅನ್ನುವ ಇಡೀ ಪುಸ್ತಕ ಬರೆದದ್ದು ಈ ತಾಪತ್ರಯದ ಮೇಲೆಯೇ.

ಹಾಗಾದರೆ ಸಂಪಾದಕ ಮಾಡುವುದೇನು? ಮೊದಲು ಸಿಕ್ಕ ಪ್ರತಿಗಳನ್ನೆಲ್ಲ ಹೋಲಿಸಬೇಕು. ಯಾವುದು ಯಾವುದರಿಂದ ನಕಲಾಯಿತು ಅಂತ ವಂಶಾವಳಿ ಹಾಕಬೇಕು. ಪಾಠಗಳು ಬೇರೆ ಬೇರೆ ಇದ್ದರೆ ಒಂದನ್ನು ಆರಿಸಬೇಕು. ಎಲ್ಲ ಪ್ರತಿಗಳೂ ತಪ್ಪಿದ್ದರೆ ಕವಿ ಏನು ಬರೆದಿರಬೇಕು ಅಂತ ಊಹಿಸಬೇಕು. ಈ ಕೊನೆಯದರಲ್ಲಿ ಹೌಸ್‌ಮನ್ ಪಳಗಿದ ಕೈ.

ಊಹೆ ಅಂದರೆ ಸುಮ್ನೆ ಬಾಯಿಗೆ ಬಂದದ್ದಲ್ಲ. ಅವನೇ ಕೊಟ್ಟ ಒಂದು ಉದಾಹರಣೆ ಇದೆ. ಲ್ಯಾಟಿನ್ನಿನದ್ದಲ್ಲ, ಅವನ ಕಾಲದ್ದೇ. ವಾಲ್ಟರ್ ಡಿ ಲಾ ಮೇರ್ ಅನ್ನುವ ಕವಿಯ ಪದ್ಯವೊಂದರ ಚರಣ ಅವನ ಕಣ್ಣಿಗೆ ಮೊದಲು ಬಿದ್ದದ್ದು ಪತ್ರಿಕೆಯೊಂದರ ವಿಮರ್ಶೆಯಲ್ಲಿ. ಅಲ್ಲಿ ಸುಗ್ಗಿ ಕಾಲದ ಬೇಲಿಗೆ ‘ರಸ್ಲಿಂಗ್’ ಅನ್ನುವ ವಿಶೇಷಣ ಇತ್ತು. ಅಂದರೆ ಸರಸರ ಸದ್ದು ಮಾಡುವ ಬೇಲಿ. ಅರ್ಥ ಆಗುತ್ತೆ, ಛಂದಸ್ಸೂ ಕೆಡಲ್ಲ. ನೀವು ನಾವಾದರೆ ಓದಿ ಮುಂದಕ್ಕೆ ಹೋಗುತ್ತಿದ್ದೆವು. ಹೌಸ್‌ಮನ್ ಅಲ್ಲೇ ನಿಂತ. ಈ ಕವಿ ಇದನ್ನು ಬರೆದಿರಲಾರ ಅಂತ ಒಂದು ಕ್ಷಣದಲ್ಲಿ ಗೊತ್ತಾಯಿತಂತೆ. ಇನ್ನೊಂದು ಕ್ಷಣದಲ್ಲಿ ಸರಿಯಾದ ಪದ ಹೊಳೆಯಿತಂತೆ. ‘ರಸ್ಟಿಂಗ್’. ತುಕ್ಕು ಹಿಡಿಯುತ್ತಿರುವ, ಅಂದರೆ ಎಲೆ ಕೆಂಪುಕಂದಾಗಿ ತುಕ್ಕಿನ ಬಣ್ಣಕ್ಕೆ ತಿರುಗುತ್ತಿರುವ ಬೇಲಿ. ಇಂಗ್ಲಿಷಿನಲ್ಲಿ ಬರೆದರೆ ಎರಡಕ್ಕೂ ಒಂದೇ ಅಕ್ಷರದ ವ್ಯತ್ಯಾಸ. ಕವಿ ಬರೆದದ್ದು ಅದೇ. ಅಚ್ಚುಕೂಟದಲ್ಲಿ ಅಕ್ಷರದ ಮೊಳೆ ಜೋಡಿಸುವವನಿಗೆ ಪರಿಚಿತ ಪದ ಕೈಗೆ ಬಂದಿತ್ತು, ಅಷ್ಟೇ.

ಇದನ್ನು ಹೇಳಿ ಹೌಸ್‌ಮನ್ ಒಂದು ಪ್ರಶ್ನೆ ಕೇಳುತ್ತಾನೆ. ಕವಿಯ ಪುಸ್ತಕ ಪೂರ್ತಿ ಹಾಳಾಗಿ, ಆ ಪತ್ರಿಕೆಯ ತುಂಡು ಮಾತ್ರ ಉಳಿದಿದ್ದರೆ? ಆಗ ನನ್ನ ಮಾತನ್ನು ಯಾರು ನಂಬುತ್ತಿದ್ದರು, ಮೊಳೆ ಜೋಡಿಸಿದವನನ್ನೇ ನಂಬುತ್ತಿದ್ದರು ಅಲ್ವಾ? ಲ್ಯಾಟಿನ್ ಗ್ರಂಥಗಳ ಪಾಡು ಸುಮಾರಾಗಿ ಹಾಗೇ ಇದೆ. ಪುಸ್ತಕ ಹೋಗಿದೆ, ಪತ್ರಿಕೆಯ ತುಂಡು ಉಳಿದಿದೆ.

ಇನ್ನೊಂದು ಉದಾಹರಣೆಯಲ್ಲಿ ಅಕ್ಷರವೂ ಬದಲಾಗಲಿಲ್ಲ. ಕಟುಲ್ಲಸ್ ಅನ್ನುವ ರೋಮನ್ ಕವಿಯ ಉದ್ದದ ಪದ್ಯವೊಂದರಲ್ಲಿ ಗ್ರೀಕ್ ಪುರಾಣದ ವೀರ ಪೀಲಿಯಸ್ ಮತ್ತು ಸಮುದ್ರದೇವತೆ ಥೀಟಿಸ್ ಮದುವೆ ನಡೆಯುತ್ತೆ. ವಿಧಿದೇವತೆಯರು ಮದುಮಗ ಪೀಲಿಯಸ್‌ನನ್ನು ಕರೆದು ಹಾಡುತ್ತಾರೆ. ಹಾಡಿನ ಎರಡನೇ ಸಾಲಿನಲ್ಲಿ ಕೊನೆಗೆ ‘ಒಪಿಸ್, ಕಾರಿಸ್ಸಿಮೆ ನಾತೊ’ ಅಂತ ಅಚ್ಚಾಗುತ್ತಿತ್ತು. ‘ಒಪಿಸ್’ ಅಂದರೆ ಬಲದ, ಸಂಪತ್ತಿನ. ಅದು ಹಿಂದಿನ ಪದಗಳಿಗೆ ಸೇರಿತ್ತು: ಎಮಾಥಿಯ ನಾಡಿನ ಬಲಕ್ಕೆ ಕಾವಲಾದವನೇ. ಅಲ್ಪವಿರಾಮದ ಆಚೆಗಿನದು: ಮಗನಿಗೆ ಅತಿ ಪ್ರಿಯನಾದವನೇ.

ಮಗ ಯಾರು? ಟ್ರಾಯ್ ಯುದ್ಧದ ವೀರ ಅಕಿಲೀಸ್. ಆದರೆ ಇದು ಮದುವೆಯ ದಿನ! ಮಗ ಇನ್ನೂ ಹುಟ್ಟಿಲ್ಲ. ಹುಟ್ಟದ ಮಗನಿಗೆ ಅಪ್ಪ ಪ್ರಿಯನಾಗುವುದು ಹೇಗೆ? ಸಂಪಾದಕರು ತಲೆ ಕೆರೆದುಕೊಂಡಿದ್ದರು, ಪದವನ್ನೇ ಬದಲಿಸಿ ನೋಡಿದ್ದರು. 1915ರಲ್ಲಿ ಹೌಸ್‌ಮನ್ ಅಲ್ಪವಿರಾಮವನ್ನು ಒಂದು ಪದ ಹಿಂದಕ್ಕೆ ಸರಿಸಿದ. ‘ಒಪಿಸ್’ ಈಗ ‘ನಾತೊ’ ಕಡೆಗೆ ಸೇರಿತು. ಆಪ್ಸ್ ಅನ್ನುವುದು ರೋಮನ್ನರ ಒಬ್ಬ ದೇವಿಯ ಹೆಸರು, ದೇವತೆಗಳ ರಾಜ ಜುಪಿಟರ್‌ನ ತಾಯಿ. ‘ಒಪಿಸ್ ನಾತೊ’ ಅಂದರೆ ಆಪ್ಸ್ ದೇವಿಯ ಮಗನಿಗೆ, ಅಂದರೆ ಜುಪಿಟರ್‌ಗೆ. ಜುಪಿಟರ್‌ಗೆ ಅತಿ ಪ್ರಿಯನಾದವನೇ! ಜುಪಿಟರ್‌ಗೆ ಗ್ರೀಕರ ಹೆಸರು ಜ್ಯೂಸ್; ಗ್ರೀಕ್ ಮಹಾಕವಿ ಹೋಮರನ ವೀರರನ್ನು ‘ಜ್ಯೂಸ್‌ಗೆ ಪ್ರಿಯ’ ಅಂತ ಕರೆಯುವ ವಾಡಿಕೆಯೇ ಇದೆ. ಅದೇ ಪದ್ಯದಲ್ಲಿ ಹಿಂದೆ, ಜುಪಿಟರ್ ತಾನು ಬಯಸಿದ್ದ ಥೀಟಿಸ್‌ಳನ್ನು ಪೀಲಿಯಸ್‌ಗೆ ಬಿಟ್ಟುಕೊಟ್ಟ ಅಂತಲೂ ಬಂದಿರುತ್ತೆ. ಎಲ್ಲ ಕೂಡಿಕೊಂಡಿತು. ಒಂದು ಅಲ್ಪವಿರಾಮ, ಅಷ್ಟೇ.

ಇದಕ್ಕೆ ಏನೇನು ಬೇಕಾಯಿತು ನೋಡಿ. ಲ್ಯಾಟಿನ್ ವ್ಯಾಕರಣ ಗೊತ್ತಿರಬೇಕು. ಹೆಚ್ಚು ಬಳಕೆಯಿಲ್ಲದ ದೇವಿಯ ಹೆಸರು ನೆನಪಿಗೆ ಬರಬೇಕು. ಹೋಮರ್ ಬಾಯಲ್ಲಿರಬೇಕು. ಎಲ್ಲಕ್ಕಿಂತ ಮೊದಲು, ನೂರಾರು ಜನ ಓದಿ ದಾಟಿಹೋದ ಕಡೆ ‘ಇಲ್ಲೇನೋ ಸರಿಯಿಲ್ಲ’ ಅನಿಸಬೇಕು. ಇದಕ್ಕೆ ಸೂತ್ರ ಇಲ್ಲ. 1921ರಲ್ಲಿ ಕೇಂಬ್ರಿಡ್ಜ್‌ನಲ್ಲಿ ಮಾಡಿದ ಭಾಷಣದಲ್ಲಿ ಹೌಸ್‌ಮನ್ ಇದನ್ನೇ ಹೇಳಿದ. ಗ್ರಂಥ ಸಂಪಾದಕ ಗ್ರಹಗಳ ಚಲನೆ ಲೆಕ್ಕ ಹಾಕುವ ನ್ಯೂಟನ್ ಅಲ್ಲ, ಮೈಮೇಲಿನ ಚಿಗಟ ಹುಡುಕುವ ನಾಯಿ. ನಾಯಿ ಅಂಕಿಅಂಶ ಇಟ್ಟುಕೊಂಡು ಗಣಿತದ ಪ್ರಕಾರ ಹುಡುಕಲು ಹೋದರೆ ಚಿಗಟ ಸಿಗುವುದು ಆಕಸ್ಮಿಕವಾಗಿ ಮಾತ್ರ. ಪ್ರತಿ ಚಿಗಟವೂ ಬೇರೆ. ಅದೇ ಭಾಷಣದಲ್ಲಿ ಹಾಪ್ಟ್ ಅನ್ನುವ ಜರ್ಮನ್ ವಿದ್ವಾಂಸನ ಮಾತೊಂದನ್ನು ನೆನೆಯುತ್ತಾನೆ: ಅರ್ಥಕ್ಕೆ ಬೇಕಾದರೆ, ಪ್ರತಿಯಲ್ಲಿ ಬರೀ ‘ಓ’ ಅಂತ ಇದ್ದ ಕಡೆ ‘ಕಾನ್‌ಸ್ಟಾಂಟಿನೊಪೊಲಿಟಾನುಸ್’ ಅಂತ ಬರೆಯಲೂ ನಾನು ತಯಾರು. ಅಕ್ಷರ ಹೋಲುತ್ತಾ ಅನ್ನುವುದು ಆಮೇಲೆ. ಮೊದಲು ಅರ್ಥ.

ಅವನ ಕಾಲದಲ್ಲಿ ಎಷ್ಟೋ ಸಂಪಾದಕರು ಸುಲಭದ ದಾರಿ ಕಂಡುಕೊಂಡಿದ್ದರು. ಒಂದು ‘ಶ್ರೇಷ್ಠ ಪ್ರತಿ’ ಆರಿಸಿಕೊಳ್ಳುವುದು, ಅದು ಹೇಳಿದ್ದನ್ನೆಲ್ಲ ಅಚ್ಚು ಹಾಕುವುದು. ಯೋಚನೆ ಮಾಡುವ ತಲೆನೋವೇ ಇಲ್ಲ. ಹೌಸ್‌ಮನ್‌ಗೆ ಮೈಯೆಲ್ಲ ಉರಿಯುತ್ತಿದ್ದದ್ದು ಇದಕ್ಕೆ. ವಿವೇಚನೆ ಇಲ್ಲದ ಸಂಪಾದಕನ ಮುಂದೆ ಎರಡು ಪ್ರತಿ ಇಟ್ಟರೆ ಅವನಿಗೆ ತಾನು ಎರಡು ಹುಲ್ಲಿನ ಕಟ್ಟುಗಳ ನಡುವೆ ನಿಂತ ಕತ್ತೆ ಅನ್ನುವುದು ನರನಾಡಿಗೂ ಗೊತ್ತಾಗುತ್ತೆ, ಒಂದು ಕಟ್ಟನ್ನು ತೆಗೆದುಬಿಟ್ಟರೆ ತಾನು ಕತ್ತೆಯಾಗಿ ಉಳಿಯಲ್ಲ ಅಂತ ಅಂದುಕೊಳ್ಳುತ್ತಾನೆ ಅಂತ ಬರೆದ.

ಒಳ್ಳೆಯ ಪ್ರತಿ ಅಂದರೆ ಯಾವುದು ಅನ್ನುವುದೂ ನೇರ ವಿಷಯವಲ್ಲ. ಮನೀಲಿಯಸ್ ಅನ್ನುವ ರೋಮನ್ ಕವಿಯ ಕತೆ ಕೇಳಿ. ಒಂದನೇ ಶತಮಾನದವನು, ಜ್ಯೋತಿಷ್ಯದ ಮೇಲೆ ಐದು ಭಾಗಗಳ ಪದ್ಯ ಬರೆದ. 1417ರ ಸುಮಾರಿಗೆ ಪೊಜ್ಜೊ ಅನ್ನುವ ಇಟಲಿಯ ಪುಸ್ತಕಬೇಟೆಗಾರನಿಗೆ ಅದರ ಹಳೆಯ ಪ್ರತಿಯೊಂದು ಸಿಕ್ಕಿತು. ಒಬ್ಬನಿಂದ ನಕಲು ಮಾಡಿಸಿದ. ಆ ನಕಲನ್ನು ಗೆಳೆಯನಿಗೆ ಕಳಿಸುತ್ತಾ ಪೊಜ್ಜೊ ಗೊಣಗಿದ: ಇದನ್ನು ಬರೆದವನು ಬದುಕಿರುವವರಲ್ಲೆಲ್ಲ ಶುದ್ಧ ಅಜ್ಞಾನಿ, ಇದನ್ನು ಓದಲಾಗಲ್ಲ, ಕಣಿ ಹೇಳಬೇಕು. ಆ ನಕಲು ಈಗ ಮ್ಯಾಡ್ರಿಡ್‌ನಲ್ಲಿದೆ, ಸಂಪಾದಕರಿಗೆ ಅದು ಬಂಗಾರ. ಯಾಕೆ? ಏನೂ ಗೊತ್ತಿಲ್ಲದವನು ತಿದ್ದಲು ಹೋಗಲ್ಲ. ಕಂಡ ಗೀಟುಗಳನ್ನು ಕಂಡ ಹಾಗೆ ಬರೆಯುತ್ತಾನೆ. ಅವನ ತಪ್ಪು ಎದ್ದು ಕಾಣುತ್ತೆ, ಅದರ ಹಿಂದಿನ ಸರಿಯೂ ಅಲ್ಲೇ ಸಿಗುತ್ತೆ. ಅರ್ಧ ಓದಿದ ಲಿಪಿಕಾರನೇ ಅಪಾಯ. ಅರ್ಥವಾಗದ್ದನ್ನು ಅರ್ಥವಾಗುವ ಹಾಗೆ ಮಾಡಿಬಿಡುತ್ತಾನೆ, ತಪ್ಪು ಮುಚ್ಚಿಹೋಗುತ್ತೆ.

ಹೌಸ್‌ಮನ್ ಬದುಕಿನ ದೊಡ್ಡ ಕೆಲಸ ಈ ಮನೀಲಿಯಸ್. ಐದು ಸಂಪುಟ: 1903, 1912, 1916, 1920, 1930. ಸುಮಾರು ಮೂವತ್ತು ವರ್ಷ! ಕೈಯಿಂದ ದುಡ್ಡು ಹಾಕಿ ಸಂಪುಟಕ್ಕೆ 400 ಪ್ರತಿ ಅಚ್ಚು ಹಾಕಿಸಿದ, ಖರ್ಚಿಗಿಂತ ಕಡಿಮೆ ಬೆಲೆಗೆ ಮಾರಿದ. ಕವಿಯ ಮೇಲಿನ ಅಭಿಮಾನದಿಂದ ಅಂದುಕೊಳ್ಳಬೇಡಿ. ಪದ್ಯದಲ್ಲಿ ಲೆಕ್ಕ ಮಾಡುವುದೇ ಈ ಕವಿಯ ದೊಡ್ಡ ಪ್ರತಿಭೆ ಅಂತ ಗೇಲಿ ಮಾಡಿದ್ದ. ಸ್ನೇಹಿತನಿಗೆ ಬರೆದ ಪತ್ರದಲ್ಲಿ ಮನೀಲಿಯಸ್ ಓದಿ ಕಾಲ ಹಾಳು ಮಾಡಿಕೊಳ್ಳಬೇಡ ಅಂದಿದ್ದ. ಮತ್ತೆ ಯಾಕೆ? ಪಠ್ಯ ಕೆಟ್ಟಿತ್ತು, ಕಷ್ಟವಿತ್ತು. ಹಿಂದೆ ಇದಕ್ಕೆ ಕೈ ಹಾಕಿದವರು ಸ್ಕ್ಯಾಲಿಜರ್, ಬೆಂಟ್ಲಿಯಂತಹ ಘಟಾನುಘಟಿ ವಿದ್ವಾಂಸರು. ಆ ಸಾಲಿನಲ್ಲಿ ನಿಲ್ಲಬೇಕು ಅನ್ನುವ ಆಸೆ ಇವನಿಗೆ ಇತ್ತು ಅಂತಲೇ ನನ್ನ ಎಣಿಕೆ. ಅದಕ್ಕಾಗಿ ಹಳೆಯ ಜ್ಯೋತಿಷ್ಯವನ್ನೇ ಕಲಿತ. ರಾಶಿಯನ್ನು ಮೂರು ಪಾಲು ಮಾಡುವ ದ್ರೇಕ್ಕಾಣ, ಹನ್ನೆರಡು ಪಾಲು ಮಾಡುವ ದ್ವಾದಶಾಂಶ ನಮ್ಮ ಜ್ಯೋತಿಷಿಗಳಿಗೂ ಗೊತ್ತಲ್ಲ, ಅವುಗಳ ಗ್ರೀಕ್ ನೆಂಟರು ಮನೀಲಿಯಸ್ ಪದ್ಯದಲ್ಲಿ ಬರುತ್ತವೆ. ಮೊದಲ ಸಂಪುಟದ ಅರ್ಪಣೆ ಮೋಸೆಸ್ ಜಾಕ್ಸನ್‌ಗೆ, ಲ್ಯಾಟಿನ್ ಪದ್ಯದಲ್ಲಿ.

ಆ ಸಂಪುಟದ ಮುನ್ನುಡಿಯನ್ನು ಈಗಲೂ ಜನ ಓದುವುದು ಬೈಗುಳಕ್ಕಾಗಿ. ಸ್ಟೋಬರ್ ಅನ್ನುವ ಹದಿನೆಂಟನೇ ಶತಮಾನದ ಸಂಪಾದಕನ ಬುದ್ಧಿಯ ಬಗ್ಗೆ ಬರೆಯುತ್ತಾನೆ, ಅದನ್ನು ಬುದ್ಧಿ ಅನ್ನಬಾರದು ಅಂತ ಮೊದಲೇ ಸೇರಿಸಿ: ದಿಕ್ಸೂಚಿಯ ಮುಳ್ಳು ಉತ್ತರಕ್ಕೆ ತಿರುಗುವಷ್ಟೇ ನಿಯತ್ತಾಗಿ ಅದು ಸುಳ್ಳಿನ ಕಡೆಗೆ, ಅರ್ಥವಿಲ್ಲದ್ದರ ಕಡೆಗೆ, ಛಂದಸ್ಸು ಕೆಟ್ಟದ್ದರ ಕಡೆಗೆ, ವ್ಯಾಕರಣ ತಪ್ಪಿದ್ದರ ಕಡೆಗೆ ತಿರುಗುತ್ತಿತ್ತು. ಜುವೆನಲ್, ಲ್ಯೂಕನ್ ಅನ್ನುವ ರೋಮನ್ ಕವಿಗಳನ್ನು 1905ರಲ್ಲಿ, 1926ರಲ್ಲಿ ಸಂಪಾದಿಸಿ ತಂದ ಪುಸ್ತಕಗಳ ಮೊದಲ ಪುಟದಲ್ಲೇ ‘ಸಂಪಾದಕರ ಉಪಯೋಗಕ್ಕಾಗಿ’ ಅಂತ ಹಾಕಿದ. ಸಂಪಾದಕರೇ, ಇದನ್ನು ನೋಡಿ ಕಲಿಯಿರಿ ಅಂತ ಅರ್ಥ. ಓದಲು ಮಜಾ ಇದೆ, ನಿಜ. ಆದರೆ ಬದುಕಿದ್ದ ವಿದ್ವಾಂಸರಿಗೂ ಇದೇ ಪೆಟ್ಟು ಬೀಳುತ್ತಿತ್ತು. ಕೆಲವು ಕಡೆ ತಪ್ಪಿಗಿಂತ ಶಿಕ್ಷೆ ದೊಡ್ಡದಾಯಿತು ಅನಿಸುತ್ತೆ.

1911ರಲ್ಲಿ ಕೇಂಬ್ರಿಡ್ಜ್‌ನ ಲ್ಯಾಟಿನ್ ಪ್ರೊಫೆಸರ್ ಆದ. ತರಗತಿಯಲ್ಲಿ ಭಾವನೆಗೆ ಜಾಗ ಇರಲಿಲ್ಲ: ಪಾಠಾಂತರ, ವ್ಯಾಕರಣ, ಛಂದಸ್ಸು. ಒಂದೇ ಒಂದು ಸಲ ಮಾತ್ರ ವಿದ್ಯಾರ್ಥಿಗಳು ಬೇರೆ ಮನುಷ್ಯನನ್ನು ಕಂಡರು. 1914ರ ಮೇ ತಿಂಗಳು. ಹಿಮ ಕರಗಿ ವಸಂತ ಬರುವ ಬಗ್ಗೆ ಹೋರೇಸ್ ಬರೆದ ಪದ್ಯವೊಂದರ ಪಾಠ. ಎಂದಿನಂತೆ ಪದ ಬಿಡಿಸಿ ಮುಗಿಸಿದ. ಆಮೇಲೆ ತಲೆ ಎತ್ತಿ, ಇದನ್ನು ಈಗ ಬರೀ ಕಾವ್ಯವಾಗಿ ನೋಡೋಣ ಅಂದ. ಲ್ಯಾಟಿನ್ನಿನಲ್ಲಿ ಓದಿದ, ತನ್ನದೇ ಇಂಗ್ಲಿಷ್ ಅನುವಾದವನ್ನೂ ಓದಿದ. ಪ್ರಾಚೀನ ಸಾಹಿತ್ಯದಲ್ಲೇ ಅತಿ ಸುಂದರ ಪದ್ಯ ಇದು ಅಂತ ಗಡಿಬಿಡಿಯಲ್ಲಿ ಹೇಳಿ ಕೋಣೆಯಿಂದ ಹೊರಟೇಹೋದ.

ಬಿರುದು ಬಾವಲಿ ಬೇಡ ಅನ್ನುವ ಸ್ವಭಾವ. 1929ರಲ್ಲಿ ಆರ್ಡರ್ ಆಫ್ ಮೆರಿಟ್ ಕೊಡುತ್ತೇವೆ ಅಂದಾಗಲೂ ಒಲ್ಲೆ ಅಂದ. ತೀರಿಕೊಂಡದ್ದು 1936ರ ಏಪ್ರಿಲ್ 30ರಂದು, ಕೇಂಬ್ರಿಡ್ಜ್‌ನಲ್ಲಿ. ಚಿತಾಭಸ್ಮ ಇರುವುದು ಶ್ರಾಪ್‌ಶೈರ್‌ನ ಲಡ್ಲೋ ಊರಿನ ಚರ್ಚಿನ ಪಕ್ಕ.

ಅವನು ಸೂಚಿಸಿದ್ದೆಲ್ಲ ನಿಂತಿಲ್ಲ. ಪ್ರೊಪರ್ಟಿಯಸ್‌ನಲ್ಲಿ ಸಾಲುಗಳನ್ನೇ ಎತ್ತಿ ಬೇರೆ ಕಡೆ ಇಟ್ಟದ್ದನ್ನು ಇಂದಿನವರು ಹೆಚ್ಚಾಗಿ ಒಪ್ಪಲ್ಲ. ಮನೀಲಿಯಸ್ ಮಾತ್ರ ಬೇರೆ. 1977ರಲ್ಲಿ ಜಿ. ಪಿ. ಗೂಲ್ಡ್ ಇಂಗ್ಲಿಷ್ ಅನುವಾದದ ಜೊತೆ ಆ ಪದ್ಯವನ್ನು ಹೊರತಂದಾಗ ತಳಪಾಯ ಹೌಸ್‌ಮನ್ನನದೇ. ಪತ್ರಿಕೆಗಳಲ್ಲಿ ಬಂದ ನನ್ನ ಲೇಖನಗಳನ್ನು ಒಟ್ಟು ಮಾಡಿ ಮತ್ತೆ ಅಚ್ಚು ಹಾಕಬೇಡಿ ಅಂತ ಉಯಿಲಿನಲ್ಲಿ ಬರೆದಿಟ್ಟಿದ್ದ. ವಿದ್ವಾಂಸರು ಮೂರೂವರೆ ದಶಕ ಹಳೆಯ ಪತ್ರಿಕೆಗಳ ಸಂಪುಟಗಳಲ್ಲಿ ಅವನ್ನು ಹುಡುಕಿ ಓದಿದರು. 1972ರಲ್ಲಿ ಕೇಂಬ್ರಿಡ್ಜ್‌ನವರು ಆ ಮಾತನ್ನು ಮೀರಿ ಎಲ್ಲವನ್ನೂ ಮೂರು ಸಂಪುಟಗಳಲ್ಲಿ ತಂದರು. ಸಾವಿರಕ್ಕೂ ಹೆಚ್ಚು ಪುಟ. ಪೇಟೆಂಟ್ ಆಫೀಸಿನ ಸಂಜೆಗಳಲ್ಲಿ ಬರೆದ ಲೇಖನಗಳೂ ಅದರಲ್ಲಿವೆ.